ಕೇಳಿಸಿದರೆ ಬೆರಳೆತ್ತಿ

ತೆರೆದು ಏಳು ವರ್ಷ ದಾಟಿದ ಫೈಲುಗಳನ್ನೆಲ್ಲ ಹರಿದು ಹಾಕಿ, ಬೀರುವಿನಲ್ಲಿ ಜಾಗವಿಲ್ಲ ಎಂದು ನಮ್ಮ ಕ್ಲಿನಿಕ್ಕಿನ ಡಾಕ್ಟರು ಹೇಳಿದ್ದು ಹೋದ ತಿಂಗಳು. ಅಂದಿನಿಂದ ದಿನಾ ಮಧ್ಯಾಹ್ನ ಮೊಸರನ್ನದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಹರಿಯುತ್ತ ಕೂತಿದ್ದೇನೆ. ಜನರ ಕಿವಿ ಎಷ್ಟು ಕೇಳುತ್ತದೆ ಎಂದು ಯಂತ್ರ ಹಚ್ಚಿ ನೋಡುವುದು ನನ್ನ ಕೆಲಸ. ಡೆಟ್ರಾಯಿಟ್ ಸುತ್ತಮುತ್ತ ಈ ಕೆಲಸಕ್ಕೆ ಬರವಿಲ್ಲ. ಕಾರು ಕಾರ್ಖಾನೆಗಳಲ್ಲಿ ಇಪ್ಪತ್ತು ವರ್ಷ ತಗಡು ಬಡಿದವರು ಸಾಲಾಗಿ ಬಂದು ಕೂರುತ್ತಾರೆ, ಹೆಂಡತಿ ಈಚೆಗೆ ಪಿಸುಗುಟ್ಟುತ್ತಾಳೆ ಎಂದು ದೂರುತ್ತಾರೆ. ಅಂಥವರ ಹಾಳೆಗಳನ್ನು ಹರಿಯುವುದು ಕಷ್ಟವಾಗಲಿಲ್ಲ. ಮೊನ್ನೆ ಗುರುವಾರ ಆತನ ಫೈಲು ಕೈಗೆ ಬಂತು. ಒಳಗೆ ಮೂರೇ ಹಾಳೆ. ಮೂರರಲ್ಲೂ ನನ್ನ ಸಹಿ. ಹೆಸರಿದ್ದ ಮೇಲಂಚನ್ನು ಕತ್ತರಿಸಿ ಬುಟ್ಟಿಗೆ ಹಾಕಿ, ಉಳಿದದ್ದನ್ನು ಕೈಚೀಲದಲ್ಲಿಟ್ಟುಕೊಂಡು ಮನೆಗೆ ತಂದೆ. ಹಾಗಾಗಿ ಇಲ್ಲಿಯೂ ಆತನ ಹೆಸರಿಲ್ಲ. ಹೆಸರು ಕೂಗಿಸಿಕೊಳ್ಳುವುದು ಆತನಿಗೂ ಇಷ್ಟವಿರಲಿಲ್ಲ.

ಮೊದಲನೆಯ ಹಾಳೆ ಅರವತ್ತೊಂಬತ್ತರದು. ಆಗ ನಾವು ಶಿಕಾಗೋದ ಪಶ್ಚಿಮಕ್ಕೆ, ಲಿಸ್ಲ್ ಊರಿನ ಹತ್ತಿರ ಇದ್ದೆವು. ಮೈಸೂರಿನಲ್ಲಿ ಕಿವುಡು ಮಕ್ಕಳ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದವಳು, ಗಂಡನ ಹಿಂದೆ ಬಂದು, ಇಲ್ಲಿ ಒಂದು ತರಬೇತಿ ಮುಗಿಸಿ ಕ್ಲಿನಿಕ್ ಸೇರಿ ನಾಲ್ಕು ತಿಂಗಳಾಗಿತ್ತು ಅಷ್ಟೆ. ಅದೊಂದು ಬೆಳಿಗ್ಗೆ ಬಾಗಿಲಿನಲ್ಲಿ ಬೆಳಕು ನಿಂತುಹೋಯಿತು. ತಲೆಯೆತ್ತಿ ನೋಡಿದರೆ ಒಬ್ಬ ಮನುಷ್ಯ ಅಡ್ಡಡ್ಡ ತಿರುಗಿ ಒಳಗೆ ಬರುತ್ತಿದ್ದಾನೆ. ಬಾಗಿಲು ಚಿಕ್ಕದೆಂದಲ್ಲ, ಎಲ್ಲ ಬಾಗಿಲುಗಳನ್ನೂ ಹಾಗೆಯೇ ದಾಟಿ ಅಭ್ಯಾಸ. ದೊಡ್ಡ ಲೀಗಿನ ಫುಟ್‌ಬಾಲ್ ಆಟಗಾರ, ಏಟು ಬಿದ್ದು ಕಿವಿಯಲ್ಲಿ ಗುಂಯ್ ಎನ್ನುತ್ತಿದೆಯಂತೆ ಎಂದು ನಮ್ಮ ಡಾಕ್ಟರು ಹೇಳಿದರು. ನಾನು ಮೈಸೂರಿನ ಫುಟ್‌ಬಾಲನ್ನು ನೆನೆಸಿಕೊಂಡು, ಇಷ್ಟು ದಪ್ಪದ ಮನುಷ್ಯ ಓಡುವುದು ಹೇಗೆ ಎಂದು ಯೋಚಿಸಿದೆ.

ಓಡುವುದೇ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಈ ದೇಶದ ಫುಟ್‌ಬಾಲಿನಲ್ಲಿ ಎರಡು ಸಾಲು ಎದುರುಬದುರು ಬಗ್ಗಿ ನಿಲ್ಲುತ್ತವೆ. ಒಂದು ಸಾಲಿನ ಹಿಂದೆ ಚೆಂಡೆಸೆಯುವವನು ನಿಂತು ಎಣಿಕೆ ಕೂಗುತ್ತಾನೆ. ಎಷ್ಟನೆಯ ಕೂಗಿಗೆ ಎದ್ದು ನುಗ್ಗಬೇಕೆಂದು ಅವರವರಲ್ಲೇ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಆತನ ಜಾಗ ಆ ಸಾಲಿನ ಎಡತುದಿ. ಕೂಗು ಬಿದ್ದ ಕ್ಷಣ ಎದ್ದು ಎದುರಿನವನನ್ನು ತಡೆಯುವುದೊಂದೇ ಕೆಲಸ. ಒಂದು ರೆಪ್ಪೆಯಷ್ಟು ಮೊದಲು ಅಲುಗಿದರೂ ತಪ್ಪು, ತಂಡವೇ ಐದು ಗಜ ಹಿಂದಕ್ಕೆ. ತಡವಾದರೆ ಹಿಂದಿರುವವನ ಮೂಳೆ ಮುರಿಯುತ್ತದೆ. ಆತ ಕೈಯಲ್ಲಿ ಹಿಡಿಯುವಂತಿಲ್ಲ. ಎದುರಿನವನು ಮಾತ್ರ ಬಿಚ್ಚಂಗೈಯಿಂದ ಹೆಲ್ಮೆಟ್ಟಿನ ಕಿವಿಯ ಮೇಲೆ ಎಷ್ಟು ಬೇಕಾದರೂ ಬಾರಿಸಬಹುದು. ಅಂಥ ಏಟನ್ನು ದೊಡ್ಡ ಲೀಗಿನವರು ನಿಲ್ಲಿಸಿದ್ದು ತೀರ ಈಚೆಗೆ.

"ಹನ್ನೊಂದು ವರ್ಷದಲ್ಲಿ ಚೆಂಡು ಎರಡು ಸಲ ನನಗೆ ತಾಗಿದೆ. ಎರಡು ಸಲವೂ ಅದರದ್ದೇ ತಪ್ಪು," ಎನ್ನುತ್ತಿದ್ದ. ಇನ್ನೊಂದು ಮಾತು: "ಮೈಕಿನಲ್ಲಿ ನನ್ನ ಹೆಸರು ಕೇಳಿಸಿದರೆ ಏನೋ ಎಡವಟ್ಟಾಗಿದೆ ಅಂತ ಅರ್ಥ, ಡಾಕ್."

ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಕೊನೆಯವರೆಗೂ 'ಡಾಕ್' ಎಂದೇ ಕರೆದ.

ಆ ದಿನದ ಪರೀಕ್ಷೆ ಹತ್ತು ನಿಮಿಷದಲ್ಲಿ ಮುಗಿಯಿತು. ನಮ್ಮಲ್ಲಿ ಸದ್ದು ನುಗ್ಗದ ಒಂದು ಪುಟ್ಟ ಕೋಣೆ, ಅದಕ್ಕೊಂದು ಗಾಜಿನ ಕಿಟಕಿ. ಆತ ಒಳಗೆ ಹೆಡ್‌ಫೋನ್ ಹಾಕಿಕೊಂಡು ನನ್ನ ಕಡೆಗೆ ಮುಖಮಾಡಿ ಕೂತ. ನಾನು ಹೊರಗೆ ಯಂತ್ರದ ಮುಂದೆ. "ಎಷ್ಟೇ ಸಣ್ಣಗಿರಲಿ, ಕೇಳಿಸಿದರೆ ಬೆರಳೆತ್ತಿ," ಎಂದೆ. ಒಂದೊಂದು ಗುಂಡಿ ಒತ್ತಿದ ಕೂಡಲೇ ಆತನ ಸೊಟ್ಟ ತೋರುಬೆರಳು ಎದ್ದು ನಿಲ್ಲುತ್ತಿತ್ತು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಅಡ್ಡಗೀಟು ಹಾಕುವುದು ನಮ್ಮ ಪದ್ಧತಿ. ಎರಡೂ ಸಾಲು ಪಟ್ಟಿ ಹಿಡಿದು ಎಳೆದ ಹಾಗೆ ನೆಟ್ಟಗೆ ಬಂದವು. "ಎಳೆಗೂಸಿನ ಕಿವಿ," ಎಂದರು ಡಾಕ್ಟರು. ನಾನು ಸಹಿ ಹಾಕಿದೆ.

ನನಗೆ ಅಂದೇ ಅನುಮಾನ ಬರಬೇಕಿತ್ತು. ಕಾಫಿ ಬೇಕಾ ಎಂದು ಎಡಗಡೆಯಿಂದ ಕೇಳಿದ್ದಕ್ಕೆ ಆತ ಉತ್ತರ ಕೊಟ್ಟಿರಲಿಲ್ಲ. ಯಾರ ಜೊತೆ ನಡೆದರೂ ಅವರನ್ನು ಬಲಕ್ಕೆ ಬಿಟ್ಟುಕೊಂಡು ನಡೆಯುತ್ತಿದ್ದ. ದೊಡ್ಡ ಮನುಷ್ಯನ ಗತ್ತು ಎಂದುಕೊಂಡೆ. ಕಣ್ಣಿಗೆ ಕಂಡದ್ದಕ್ಕಿಂತ ಯಂತ್ರದಲ್ಲಿ ಬಂದದ್ದನ್ನು ನಂಬುವ ವಯಸ್ಸಲ್ಲದಿದ್ದರೂ, ಕೆಲಸ ಹೊಸದು.

ಮೂರು ವರ್ಷದ ಮೇಲೆ ನನ್ನ ಗಂಡನಿಗೆ ಡೆಟ್ರಾಯಿಟ್ ಹತ್ತಿರದ ಪ್ಲಿಮತ್ ಕಡೆ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸವಾಯಿತು. ಪಾತ್ರೆಪಡಗ ಕಟ್ಟಿಕೊಂಡು ಇನ್ನೂರೆಂಬತ್ತು ಮೈಲಿ ಬಂದೆವು. ನಾನು ಇಲ್ಲಿಯ ಕ್ಲಿನಿಕ್ ಸೇರಿದ ಮೊದಲ ಜುಲೈಯಲ್ಲಿ, ಫ್ಯಾರನ್‌ಹೀಟಿನ ತೊಂಬತ್ತೆರಡು ಡಿಗ್ರಿ ಸೆಕೆಯಲ್ಲಿ, ಬಾಗಿಲಲ್ಲಿ ಮತ್ತೆ ಬೆಳಕು ನಿಂತಿತು.

ಆತ ನನ್ನ ಮುಖ ನೋಡಲಿಲ್ಲ. ಮೊದಲು ನೋಡಿದ್ದು ಕೈ. ಮೈಸೂರಿನಿಂದ ತಂದ ಹಸಿರು ಗಾಜಿನ ಬಳೆ, ಕೈಗೆ ಆರಾರು, ಆಗಲೂ ಹಾಕುತ್ತಿದ್ದೆ, ಈಗಲೂ ಹಾಕುತ್ತೇನೆ.

"ಡಾಕ್! ನಿನ್ನನ್ನೂ ಸಾಗಹಾಕಿದರಾ ಇಲ್ಲಿಗೆ?"

"ಗಂಡನ ಕೆಲಸ ಬಂತು, ನಾನೂ ಬಂದೆ."

"ನಿನ್ನನ್ನ ಕೇಳಿದರಾ?"

"ಮನೆ ನೋಡಿದ ಮೇಲೆ ಕೇಳಿದರು."

"ಹಾಗಾದರೆ ನಿನ್ನ ಗತಿ ವಾಸಿ. ನನಗೆ ಪೇಪರಿನವನು ಫೋನ್ ಮಾಡಿ ಹೇಳಿದ," ಎಂದು ನಕ್ಕ. ಶಿಕಾಗೋದವರು ಮೊಣಕಾಲು ಸವೆದಿದೆ ಎಂದು ಬಿಟ್ಟುಬಿಟ್ಟಿದ್ದರು. ಈಗ ಆತ ಆಡುತ್ತಿದ್ದದ್ದು ಡೆಟ್ರಾಯಿಟ್ ಹೊರವಲಯದ ಒಂದು ಸಣ್ಣ ಲೀಗಿನ ತಂಡಕ್ಕೆ. ಆಟ ಹೈಸ್ಕೂಲ್ ಮೈದಾನಗಳಲ್ಲಿ. ವಾರವೆಲ್ಲ ಒಂದು ಗೋದಾಮಿನಲ್ಲಿ ಕೆಲಸ, ಶನಿವಾರ ಆಟ. ಸೀಸನ್ ಶುರುವಾಗುವ ಮೊದಲು ಕಣ್ಣು, ಕಿವಿ, ಎದೆ ಪರೀಕ್ಷೆ ಮಾಡಿಸಿ ತಂಡದ ಡಾಕ್ಟರಿಗೆ ಕಾಗದ ಕಳಿಸಬೇಕಿತ್ತು. ಹಳೆಯ ಹಾಳೆಯ ನಕಲನ್ನು ಮಡಚಿ ಜೇಬಿನಲ್ಲಿ ತಂದಿದ್ದ. "ಇದನ್ನೇ ಇನ್ನೊಂದು ಸಲ ಬರೆದುಕೊಟ್ಟರೆ ಇಬ್ಬರ ಹೊತ್ತೂ ಉಳಿಯುತ್ತೆ," ಎಂದ.

ಹಾಗಾಗದು ಎಂದೆ. ಕೋಣೆಯಲ್ಲಿ ಕುರ್ಚಿ ಪಕ್ಕಕ್ಕೆ ತಿರುಗಿತ್ತು. ಆತ ಕೂರುವಾಗ ಸಹಜವಾಗಿ, ಕಾಲು ಚಾಚಲು ಜಾಗವಿಲ್ಲವೆಂಬಂತೆ, ಅದನ್ನು ಕಿಟಕಿಗೆ ಎದುರಾಗಿ ತಿರುಗಿಸಿಕೊಂಡ. ನಾನು ಯಂತ್ರದ ಮುಂದೆ ಕೂತೆ. ಬಲಗಿವಿ ಮುಗಿಯಿತು, ಎಡಗಿವಿ ಶುರುವಾಯಿತು. ಸೆಕೆಗೆ ಬಳೆ ಮೈಗೆ ಅಂಟಿಕೊಂಡಿದ್ದವು. ಗುಂಡಿಯ ಮೇಲಿಂದ ಕೈ ತೆಗೆದು ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡೆ.

ಗಾಜಿನಾಚೆ ಬೆರಳು ಎದ್ದಿತು.

ನಾನು ಗುಂಡಿ ಒತ್ತಿರಲಿಲ್ಲ.

ಇನ್ನೊಮ್ಮೆ ಬಳೆ ಸರಿಸಿದೆ. ಬೆರಳು ಮತ್ತೆ ಎದ್ದಿತು. ಆಮೇಲೆ ಒಂದು ಫೈಲನ್ನು ಕೈಗೆ ಮರೆಯಾಗಿ ನಿಲ್ಲಿಸಿಕೊಂಡು, ಎಡಗಿವಿಗೆ ಸದ್ದು ಏರಿಸುತ್ತ ಹೋದೆ. ಪಿಸುಮಾತಿನಿಂದ ಹಿಡಿದು ರೈಲಿನ ಶಿಳ್ಳೆಯವರೆಗೆ. ಬೆರಳು ತೊಡೆಯ ಮೇಲೆ ಮಲಗಿಯೇ ಇತ್ತು. ಆತ ನನ್ನ ಕೈ ಎಲ್ಲಿ ಹೋಯಿತೆಂದು ಹುಡುಕುತ್ತಿದ್ದ.

ಬಾಗಿಲು ತೆರೆದೆ. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಆಟದಲ್ಲಾಗಿದ್ದರೆ ಐದು ಗಜ ಹಿಂದಕ್ಕೆ," ಎಂದ.

"ಶಿಕಾಗೋದಲ್ಲೂ ಹೀಗೇ ಮಾಡಿದಿರಾ?"

"ನಿನ್ನ ತಪ್ಪಲ್ಲ. ಯಾವನಾದರೂ ಅಲುಗುವ ಮೊದಲು ಅವನ ಉಗುರು ಬೆಳ್ಳಗಾಗುತ್ತೆ. ಅದನ್ನ ನೋಡಿಯೇ ನಾನು ಇಷ್ಟು ವರ್ಷ ಬದುಕಿದ್ದು. ನಿನಗೆ ಉಗುರು ನೋಡೋ ಕಷ್ಟಾನೂ ಇರಲಿಲ್ಲ. ಒಂದು ಡಜನ್ ಬಳೆ!"

ಆಮೇಲೆ ನಗು ನಿಂತಿತು. ಎಡಗಿವಿ ಸತ್ತು ಐದು ವರ್ಷವಾಗಿತ್ತು. ಶಿಕಾಗೋದಲ್ಲಿ ಎಡತುದಿಯಲ್ಲಿ ನಿಲ್ಲುತ್ತಿದ್ದುದರಿಂದ ಎಣಿಕೆಯ ಕೂಗು ಬಲಗಡೆಯಿಂದ ಬರುತ್ತಿತ್ತು, ಬಲಗಿವಿ ಸಾಕಾಗಿತ್ತು. ಈ ಹೊಸ ತಂಡದವರು ಆತನನ್ನು ಸಾಲಿನ ಬಲತುದಿಗೆ ಹಾಕಿದ್ದಾರೆ. ಕೂಗು ಈಗ ಸತ್ತ ಕಿವಿಯ ಕಡೆಯಿಂದ ಬರುತ್ತದೆ. ಪಕ್ಕದಲ್ಲಿ ಬಗ್ಗಿ ನಿಂತವನ ಬೆರಳ ಗೆಣ್ಣು ನೋಡಿಕೊಂಡು ಏಳುತ್ತಿದ್ದಾನೆ. ಏಟು ಈಗ ಬೀಳುವುದು ಬಲಗಿವಿಗೆ.

"ತಂಡಕ್ಕೆ ಗೊತ್ತಾದರೆ ಇವತ್ತೇ ಮನೆಗೆ ಕಳಿಸ್ತಾರೆ. ದೊಡ್ಡ ಲೀಗಿಂದ ಬಿಟ್ಟರು, ಇಲ್ಲಿಗೆ ಬಂದೆ. ಇಲ್ಲಿಂದ ಕೆಳಗೆ ಮೆಟ್ಟಿಲಿಲ್ಲ ಡಾಕ್. ನಾನೇ ಸಾಕು ಅನ್ನೋವರೆಗೆ ಆಡಬೇಕು. ಬೇರೆಯವರು ಸಾಕು ಅನ್ನಬಾರದು. ಅಷ್ಟೇ ನಾನು ಕೇಳೋದು."

"ಆ ಕಿವೀನೂ ಹೋಗುತ್ತೆ," ಎಂದೆ.

"ಅದು ನನ್ನದು."

ನಾನು ಆಗಲಿ ಎನ್ನಲಿಲ್ಲ. ಆಗುವುದಿಲ್ಲ ಎಂದೂ ಎನ್ನಲಿಲ್ಲ. ಆತ ಟೋಪಿ ತೆಗೆದುಕೊಂಡು ಅಡ್ಡಡ್ಡ ತಿರುಗಿ ಹೊರಗೆ ಹೋದ. ನಾನು ಕೂತು ಇದ್ದದ್ದನ್ನು ಇದ್ದಂತೆ ಬರೆದೆ. ನೀಲಿ ಗೀಟುಗಳೆಲ್ಲ ಹಾಳೆಯ ತಳಕ್ಕೆ ಬಿದ್ದವು. ಕೆಳಗೆ, ಈ ಆಟ ಮುಂದುವರಿದರೆ ಬಲಗಿವಿಗೂ ಅಪಾಯ ಎಂದು ಒಂದು ಸಾಲು ಸೇರಿಸಿದೆ. ಆತನ ಕಿವಿಗೋಸ್ಕರ ಬರೆದೆನೋ, ಮೂರು ವರ್ಷದ ಹಿಂದೆ ಮೋಸಹೋದ ನನ್ನ ಸಹಿಗೋಸ್ಕರ ಬರೆದೆನೋ, ಇವತ್ತಿಗೂ ನನಗೆ ಸ್ಪಷ್ಟವಿಲ್ಲ. ಟಪಾಲಿಗೆ ಹಾಕಿದೆ. ವಾರದೊಳಗೆ ತಂಡದ ಡಾಕ್ಟರಿಂದ ಅದರ ನಕಲು ವಾಪಸು ಬಂತು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಎರಡೇ ಮಾತು: 'ನೋಡಿದೆ. ಆಡಬಹುದು.'

ಫೋನು ಮಾಡಿದೆ. "ತಳ್ಳೋದಕ್ಕೆ ಕಿವಿ ಯಾಕಮ್ಮ?" ಎಂದರು ಆ ಡಾಕ್ಟರು. ಬಲತುದಿಗೆ ಅವರಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ.

ಸೆಪ್ಟೆಂಬರಿನಲ್ಲಿ ಕ್ಲಿನಿಕ್ಕಿನ ವಿಳಾಸಕ್ಕೆ ಒಂದು ಲಕೋಟೆ ಬಂತು. ಒಳಗೆ ಆತನ ಆಟಕ್ಕೆ ಎರಡು ಟಿಕೆಟ್. ಜೊತೆಯಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ, 'ಥ್ಯಾಂಕ್ಸ್ ಡಾಕ್. ಮರೆಯೋದಿಲ್ಲ.' ನಾನು ಆತನನ್ನು ಉಳಿಸಲೆಂದು ಸುಳ್ಳು ಬರೆದೆ ಎಂದು ತಿಳಿದುಕೊಂಡಿದ್ದ. ಫೋನಿನಲ್ಲಿ ಹೇಳೋಣವೆಂದರೆ ಆತ ಫೋನಿಗೆ ಬರುತ್ತಿರಲಿಲ್ಲ, ಹೆಂಡತಿಯೇ ಮಾತಾಡುತ್ತಿದ್ದಳು. ಎದುರು ಸಿಕ್ಕಾಗ ಹೇಳೋಣ ಎಂದುಕೊಂಡೆ. ಎದುರು ಸಿಕ್ಕಾಗ ಆತನ ಮುಖದಲ್ಲಿ ಅಷ್ಟು ಕೃತಜ್ಞತೆ ಇರುತ್ತಿತ್ತು, ಹೇಳಲಾಗಲಿಲ್ಲ. ಹೀಗೆ ಒಂದು ಸೀಸನ್ ಹೋಯಿತು, ಎರಡು ಹೋದವು.

ಒಮ್ಮೆ ಗಂಡಹೆಂಡತಿಯನ್ನು ಊಟಕ್ಕೆ ಕರೆದೆವು. ಸೋಮವಾರ ಗೋದಾಮಿಗೆ ರಜೆಯಿತ್ತು. ಶನಿವಾರದ ಆಟದ ಮೈ ಸೋಮವಾರದವರೆಗೂ ಬಗ್ಗದು. ನಮ್ಮ ಮನೆಯ ಮೂರು ಮೆಟ್ಟಿಲನ್ನು ಬೆನ್ನು ಮಾಡಿಕೊಂಡು ಹಿಂದುಹಿಂದಾಗಿ ಹತ್ತಿ ಬಂದ. ಕುರ್ಚಿ ನೋಡಿ, "ಇದೂ ಮುರೀಬಾರದು, ನಾನೂ ಮುರೀಬಾರದು," ಎಂದು ನೆಲದ ಮೇಲೆ ಕೂತ. ಆತನ ಹೆಂಡತಿ, ಸಣ್ಣ ದೇಹದ ಮಾತು ಕಡಿಮೆಯ ಹೆಂಗಸು, ಪಕ್ಕದಲ್ಲಿ, ಬಲಗಡೆಗೆ ಕೂತಳು. ಚಿತ್ರಾನ್ನಕ್ಕೆ ಫೋರ್ಕ್ ಕೊಟ್ಟೆ. ಆತನ ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿದ್ದವು, ಎಷ್ಟು ಸಲ ಮುರಿದಿವೆಯೋ ಲೆಕ್ಕವಿಲ್ಲ, ಫೋರ್ಕು ನಿಲ್ಲಲಿಲ್ಲ. ನನ್ನ ಗಂಡ ಕೈಯಲ್ಲಿ ಕಲಸಿ ತಿನ್ನುವುದನ್ನು ನೋಡಿ ತಾನೂ ಫೋರ್ಕ್ ಬದಿಗಿಟ್ಟ.

"ನಮ್ಮಮ್ಮ ನೋಡಿದ್ದರೆ ಬಾರಿಸ್ತಿದ್ದಳು. ಅವಳ ಏಟಿಗೆ ಹೆಲ್ಮೆಟ್ಟೂ ಇರಲಿಲ್ಲ," ಎಂದ.

ನನ್ನ ಗಂಡ ಕನ್ನಡದಲ್ಲಿ, "ಬಡಿಸ್ತಾ ನಿಂತ್ಕೋಬೇಡ್ವೇ, ಪಾತ್ರೇನೇ ಮುಂದಿಟ್ಬಿಡು. ಚಾಮುಂಡಿ ಬೆಟ್ಟ ಮನೆಗೆ ಬಂದಿದೆ," ಎಂದರು.

"ಏನಂದ ಅವನು?" ಎಂದು ಆತ ನನ್ನ ಕೇಳಿದ.

"ಇನ್ನೂ ಸ್ವಲ್ಪ ಬಡಿಸು ಅಂದರು."

"ಅಷ್ಟಕ್ಕೆ ಅಷ್ಟು ಮಾತಾ? ಒಳ್ಳೆ ಭಾಷೆ," ಎಂದು ತಟ್ಟೆ ಚಾಚಿದ.

ಕಳಿಸಿದ ಟಿಕೆಟ್ಟುಗಳು ಅಡುಗೆಮನೆಯ ಡ್ರಾಯರಿನಲ್ಲೇ ಉಳಿಯುತ್ತಿದ್ದವು. ಮೂರನೆಯ ವರ್ಷ ನವೆಂಬರಿನಲ್ಲಿ ಕೊನೆಗೂ ಹೋದೆವು. ನೀರು ಹೆಪ್ಪುಗಟ್ಟುವ ಮೂವತ್ತು ಡಿಗ್ರಿ ಚಳಿ, ಹಲಗೆಯ ಮೆಟ್ಟಿಲು, ಸೀರೆಯ ಮೇಲೆ ಎರಡು ಕೋಟು. ಎಲ್ಲರೂ ಚೆಂಡು ನೋಡುತ್ತಿದ್ದರು. ನಾನು ಬಲತುದಿಯೊಂದನ್ನೇ ನೋಡಿದೆ. ಬಗ್ಗುವುದು, ಮೂರು ಬೆರಳನ್ನು ನೆಲಕ್ಕೆ ಊರುವುದು, ಏಳುವುದು, ಏಟು ತಿನ್ನುವುದು, ಮತ್ತೆ ಬಂದು ಬಗ್ಗುವುದು. ಬಾವಿಯಿಂದ ನೀರು ಸೇದುವ ಹಾಗೆ, ಒಂದೇ ಸಮನೆ. ಪಕ್ಕದಲ್ಲಿ ನಿಲ್ಲುತ್ತಿದ್ದವನು ಅಂದು ಹೊಸಬ, ಹಳಬನ ಕಾಲು ಉಳುಕಿತ್ತಂತೆ. ಹೊಸಬ ಚಳಿಗೆ ಬೆರಳು ಮಡಿಸಿ ಬಿಚ್ಚಿ ಮಾಡುತ್ತಿದ್ದ. ಎರಡನೆಯ ಅರ್ಧದಲ್ಲಿ ಅವನ ಬೆರಳು ಅಲುಗಿತು. ಇಡೀ ಸಾಲು ಕಲ್ಲಿನಂತೆ ನಿಂತಿದ್ದಾಗ ಬಲತುದಿಯಲ್ಲಿ ಆತನೊಬ್ಬನೇ ಎದ್ದ. ಸೀಟಿ. ತಪ್ಪಾಯಿತೆಂದು ರೆಫರಿಯ ಹಳದಿ ಬಟ್ಟೆ ನೆಲಕ್ಕೆ ಬಿತ್ತು. ಮೈಕಿನಲ್ಲಿ ಆತನ ಹೆಸರು ಪೂರ್ತಿಯಾಗಿ ಕೇಳಿಸಿತು.

"ಏ, ನಿನ್ನ ಬೆಟ್ಟದ ಹೆಸರು ಹೇಳಿದ್ರು ಕಣೇ!" ಎಂದು ನನ್ನ ಗಂಡ ಚಪ್ಪಾಳೆ ತಟ್ಟಿದರು. ಸುತ್ತಲಿದ್ದವರು ತಿರುಗಿ ನೋಡಿದರು. ನಾನು ಅವರ ಕೈ ಹಿಡಿದು ಕೆಳಗಿಳಿಸಿದೆ.

ಮೂರು ಆಟ ಬಿಟ್ಟು ಆ ಸೀಸನ್ ಮುಗಿಯಿತು. ಆತನೇ ಸಾಕು ಎಂದನಂತೆ. ಹೆಂಡತಿಯ ಕಾಗದದಲ್ಲಿ ಅದರ ಬಗ್ಗೆ ಅಷ್ಟೇ ಇತ್ತು. ನನ್ನ ಅಕ್ಕನ ಊರಾದ, ಶಿಕಾಗೋ ಹತ್ತಿರದ ಪ್ಲೇನ್‌ಫೀಲ್ಡಿಗೆ ಹೋಗುತ್ತಿದ್ದೇವೆ, ಅಲ್ಲಿಯ ಶಾಲೆಯಲ್ಲಿ ಆಟದ ಸಾಮಾನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ ಎಂದು ಬರೆದಿದ್ದಳು.

ಮೂರನೆಯ ಹಾಳೆ ಕಳೆದ ಅಕ್ಟೋಬರಿನದು. ಮೊದಲೇ ಫೋನು ಮಾಡಿ, ಹೆಂಡತಿ ಡ್ರೈವ್ ಮಾಡಿಕೊಂಡು ಕರೆತಂದಳು. ಅಷ್ಟು ದೂರ ಯಾಕೆ ಬಂದಿರಿ, ಶಿಕಾಗೋದಲ್ಲಿ ಕಿವಿ ನೋಡುವವರಿಲ್ಲವೇ ಎಂದೆ. "ನನ್ನ ಕಿವಿ ನಿನಗೆ ಗೊತ್ತು," ಎಂದ. ಮಾತನ್ನು ನನ್ನ ತುಟಿ ನೋಡಿ ಹಿಡಿಯುತ್ತಿದ್ದ. ಕೋಣೆಯೊಳಗೆ ಹೋದವನು ನಾನು ಹೇಳುವ ಮೊದಲೇ ಕುರ್ಚಿಯನ್ನು ತಿರುಗಿಸಿ, ಕಿಟಕಿಗೆ ಬೆನ್ನು ಹಾಕಿ ಕೂತ. ಆ ಬೆನ್ನು ಕಿಟಕಿಯನ್ನೆಲ್ಲ ತುಂಬಿತು. ಎಡಗಿವಿಗೆ ಬೆರಳು ಏಳಲೇ ಇಲ್ಲ. ಬಲಗಿವಿಗೆ, ಸದ್ದು ಗುಡುಗಿನ ಹತ್ತಿರ ಬಂದಾಗ, ಎರಡು ಸಲ ಎದ್ದಿತು. ಎರಡು ಸಲವೂ ಅನುಮಾನಿಸಿಕೊಂಡು.

ನಮ್ಮಲ್ಲಿದ್ದ ಒಂದು ಶ್ರವಣಯಂತ್ರವನ್ನು ಬಲಗಿವಿಗೆ ಇಟ್ಟು ತಿರುಪು ತಿರುಗಿಸಿದೆ. ಆತ ತಲೆ ಓರೆ ಮಾಡಿದ.

"ಇದೇನು ಸದ್ದು?"

"ಎಲ್ಲಿ?"

"ನಿನ್ನ ಕೈಯಲ್ಲಿ. ಇವು ಸದ್ದು ಬೇರೆ ಮಾಡ್ತಾವಾ! ಇಷ್ಟು ವರ್ಷ ಬರೀ ನೋಡಿದ್ದೆ."

ಹೆಂಡತಿ ನಕ್ಕಳು. ಆತ ನನ್ನ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದು, ಬಲು ನಿಧಾನವಾಗಿ, "ಆ ಮೂರು ವರ್ಷ ನೀನು ಕೊಟ್ಟಿದ್ದು ಡಾಕ್. ಇದನ್ನ ಹೇಳೋಕೇ ಬಂದೆ," ಎಂದ.

ಆರು ವರ್ಷ ಹೊತ್ತುಕೊಂಡಿದ್ದೆ. ಇನ್ನು ಆಗಲಿಲ್ಲ. "ನಾನು ಕೊಟ್ಟಿದ್ದಲ್ಲ," ಎಂದೆ. "ನಾನು ನಿಜಾನೇ ಬರೆದು ಕಳಿಸಿದ್ದೆ."

ಕೇಳಿಸಿತು. ಕೇಳಿಸಿದ್ದು ಆತನ ಮುಖದಲ್ಲಿ ಗೊತ್ತಾಯಿತು. ಫೈಲಿನಿಂದ ಎರಡನೆಯ ಹಾಳೆ ತೆಗೆದು ಕೊಟ್ಟೆ. ತಳಕ್ಕೆ ಬಿದ್ದ ನೀಲಿ ಗೀಟುಗಳ ಮೇಲೆ ಬೆರಳಾಡಿಸಿದ. ನಾನು ಸೇರಿಸಿದ್ದ ಸಾಲನ್ನು ಓದಿದ. ಅಂಚಿನ ಪೆನ್ಸಿಲ್ ಅಕ್ಷರಕ್ಕೆ ಬಂದು ನಿಂತ. ಹೆಂಡತಿ ಭುಜದ ಮೇಲಿಂದ ಬಗ್ಗಿ ಓದಿದಳು.

"ಅವರಿಗೆ ಗೊತ್ತಿತ್ತಾ?" ಎಂದ.

"ಗೊತ್ತಿತ್ತು."

"ಮೊದಲಿಂದ?"

"ಮೊದಲ ವಾರದಿಂದ."

ಮೂರು ಸೀಸನ್ ಗೆಣ್ಣು ನೋಡಿ ಎದ್ದದ್ದು, ಕೋಚ್ ಮಾತಾಡುವಾಗಲೆಲ್ಲ ಬಲಗಿವಿ ಅವನತ್ತ ತಿರುಗಿಸಿ ನಿಂತದ್ದು, ಕೇಳದಿದ್ದರೂ ತಲೆಯಾಡಿಸಿದ್ದು, ಒಂದೊಂದೂ ಆತನ ಮುಖದಲ್ಲಿ ಹಾದುಹೋಯಿತೇನೋ. ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೋಡಿದೆಯಾ?" ಎಂದ. "ಕಿವುಡ ಅಂತ ಗೊತ್ತಿದ್ದೂ ನನ್ನನ್ನೇ ಆಡಿಸಿದ್ದಾರೆ. ಅಂದರೆ ಅಷ್ಟು ಚೆನ್ನಾಗಿ ಆಡ್ತಿದ್ದೆ ನಾನು."

ಅವಳು ಆತನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಆತನ ಬೆರಳಿಗೆ ಅದು ಆಗದು. ಆತ ಅಡ್ಡಡ್ಡ ತಿರುಗಿ ಬಾಗಿಲು ದಾಟಿ ಕಾರಿನ ಕಡೆ ನಡೆದ. ಅವಳು ಕೈಚೀಲ ಮರೆತವಳಂತೆ ಒಳಗೆ ಉಳಿದಳು.

"ಆ ಕಾಗದ ನೋಡಿ ಅವತ್ತೇ ಮನೆಗೆ ಕಳಿಸಿದ್ದರೆ, ಬಲಗಿವಿ ಉಳೀತಿತ್ತಾ?"

ನನಗೆ ಸುಳ್ಳು ಹೇಳಬೇಕೆನಿಸಿತು. "ಬಹುಶಃ ಉಳೀತಿತ್ತು," ಎಂದೆ.

ಅವಳು ತಲೆಯಾಡಿಸಿದಳು, ಯಾವುದೋ ದಿನಸಿಯ ಬೆಲೆ ಕೇಳಿ ತಿಳಿದುಕೊಂಡವಳ ಹಾಗೆ. "ಅವನಿಗೆ ಇದನ್ನ ಹೇಳಬೇಡ. ಅವನು ಹೇಳಿದನಲ್ಲ, ಹಾಗೇ ಇರಲಿ," ಎಂದಳು.

ಅವರನ್ನು ಕಳಿಸಲು ಕಿಟಕಿಯ ಹತ್ತಿರ ಬಂದೆ. ಆತ ಆಗಲೇ ಕಾರಿನಲ್ಲಿ ಕೂತಿದ್ದ, ಗಾಜು ಏರಿಸಿತ್ತು, ಯಂತ್ರವನ್ನು ಕಿವಿಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡಿದ್ದ. ಹೋಗಿಬನ್ನಿ ಎನ್ನುವುದಕ್ಕೆ ಕೈಯೆತ್ತಿದೆ. ಬಳೆಗಳು ಮೊಣಕೈಯ ಕಡೆಗೆ ಜಾರಿದವು.

ಗಾಜಿನಾಚೆ ಆತ ಬೆರಳೆತ್ತಿದ.